ಬಲಿದಾನವೆಂಬ ಮಾತು: ವಿದುರಾಶ್ವತ್ಥದ ಸ್ಮರಣೆಯನ್ನು ಕುರಿತು

1938ರ ಏಪ್ರಿಲ್ 25ರಂದು, ಅಂದಿನ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಕಾಂಗ್ರೆಸ್ ಧ್ವಜವನ್ನು ಹಾರಿಸಲು ನೆರೆದಿದ್ದ ಜನಸಮೂಹದ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅಂದಿನಿಂದ ಇಂದಿನವರೆಗೆ ಈ ಘಟನೆಯನ್ನು ಕುರಿತು ಕನ್ನಡದಲ್ಲಿ ಬಂದ ಲೇಖನಗಳು, ಭಾಷಣಗಳು, ವಾರ್ಷಿಕ ಸ್ಮರಣೆಯ ವರದಿಗಳು ಅನೇಕ. ಅವುಗಳ ಶ್ರದ್ಧೆಯನ್ನು ಯಾರೂ ಶಂಕಿಸಲಾರರು. ಆದರೆ ಅವುಗಳ ಮಾತು ಮಾತ್ರ ಬಹುಕಾಲದಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರುತ್ತಿದೆ. ಅಲ್ಲಿ ‘ಗೋಲಿಬಾರ್ ನಡೆಯಿತು’. ಜನರು ‘ಪ್ರಾಣವನ್ನು ಬಲಿದಾನ ಮಾಡಿದರು’. ಆ ಕಾರಣದಿಂದ ಆ ಊರು ‘ಕರ್ನಾಟಕದ ಜಲಿಯನ್‌ವಾಲಾ ಬಾಗ್’ ಎನಿಸಿಕೊಂಡಿತು. ಈ ಮಾತುಗಳು ಗೌರವದಿಂದಲೇ ಹುಟ್ಟಿದವು. ಗೌರವದಿಂದ ಹುಟ್ಟಿದ ಮಾತು ಸತ್ಯವನ್ನು ಎಷ್ಟರಮಟ್ಟಿಗೆ ಹೇಳುತ್ತದೆ ಎಂಬುದು ಬೇರೆಯ ಪ್ರಶ್ನೆ. ಸತ್ಯವನ್ನು ಅಣುವ್ರತಗಳಲ್ಲಿ ಒಂದಾಗಿ ಎಣಿಸುವ ಓದುಗರಿಗೆ ಅದು ಸಣ್ಣ ಪ್ರಶ್ನೆಯೂ ಅಲ್ಲ.

ಘಟನೆಯ ಹಿನ್ನೆಲೆ ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಸಂಕ್ಷೇಪವಾಗಿ ಹೇಳಬಹುದು. ಅದೇ ತಿಂಗಳು ಮದ್ದೂರಿನ ಸಮೀಪದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ತನ್ನ ಅಧಿವೇಶನವನ್ನು ನಡೆಸಿತು. ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನು ಏರಿಸಲು ಮುಂದಾಗಿ ಬಂಧಿತರಾದರು. ಧ್ವಜ ಸತ್ಯಾಗ್ರಹ ಅಲ್ಲಿಂದ ಊರೂರಿಗೆ ಹಬ್ಬಿತು. ಉತ್ತರ ಪಿನಾಕಿನಿಯ ದಡದಲ್ಲಿರುವ ವಿದುರಾಶ್ವತ್ಥ ಆ ಊರುಗಳಲ್ಲಿ ಒಂದು. ಮಹಾಭಾರತದ ವಿದುರನು ನೆಟ್ಟನೆಂದು ನಂಬಲಾದ ಅಶ್ವತ್ಥವೃಕ್ಷದಿಂದ ಆ ಕ್ಷೇತ್ರಕ್ಕೆ ಹೆಸರು ಬಂದಿದೆ. ಸಂತಾನಕ್ಕಾಗಿ ಹರಕೆ ಹೊತ್ತವರು ಅಲ್ಲಿ ನಾಗರಕಲ್ಲುಗಳನ್ನು ಪ್ರತಿಷ್ಠಿಸುತ್ತ ಬಂದಿದ್ದು, ಅಂಥ ಕಲ್ಲುಗಳು ಸಾವಿರಗಟ್ಟಲೆ ಇವೆ. ಅರಸನ ಸಭೆಯಲ್ಲಿ ಅಪ್ರಿಯವಾದ ಸತ್ಯವನ್ನು ನುಡಿದ ಮಂತ್ರಿಯ ಹೆಸರಿನ ಊರಿನಲ್ಲಿ, ಮಕ್ಕಳನ್ನು ಬೇಡಲು ಜನ ಬರುವ ಜಾಗದಲ್ಲಿ, ಗುಂಡುಗಳು ಹಾರಿದವು.

ಮೊದಲಿಗೆ ಆ ಬಿರುದನ್ನು ನೋಡಬೇಕು. 1919ರ ಏಪ್ರಿಲ್ 13ರಂದು ಅಮೃತಸರದಲ್ಲಿ ಡಯರನ ಆಜ್ಞೆಯಂತೆ ಸುಮಾರು 1650 ಸುತ್ತು ಗುಂಡುಗಳು ಹಾರಿದವು. ಸರ್ಕಾರದ ಲೆಕ್ಕದಂತೆ 379 ಮಂದಿ ಸತ್ತರು. ಕಾಂಗ್ರೆಸ್ಸಿನ ಅಂದಾಜು ಸಾವಿರದ ಹತ್ತಿರ ಹೋಯಿತು. ವಿದುರಾಶ್ವತ್ಥದ ಘಟನೆಯನ್ನು ಅದಕ್ಕೆ ಹೋಲಿಸುವವರ ಉದ್ದೇಶ ಸ್ಪಷ್ಟವಾಗಿದೆ. ಸಣ್ಣ ಊರಿನ ದುಃಖಕ್ಕೆ ರಾಷ್ಟ್ರದ ಇತಿಹಾಸದಲ್ಲಿ ಒಂದು ಆಸನವನ್ನು ದೊರಕಿಸಿಕೊಡುವುದು ಅವರ ಅಪೇಕ್ಷೆ. ಆದರೆ ಹೋಲಿಕೆಗೆ ಎರಡು ಮುಖಗಳಿರುತ್ತವೆ. ಅದು ಒಂದನ್ನು ತೋರಿಸುವಾಗ ಮತ್ತೊಂದನ್ನು ಮುಚ್ಚುತ್ತದೆ. ಅಮೃತಸರದಲ್ಲಿ ಆಜ್ಞೆ ಕೊಟ್ಟವನು ಪರಕೀಯ ಸಾಮ್ರಾಜ್ಯದ ಸೇನಾಧಿಕಾರಿ. ವಿದುರಾಶ್ವತ್ಥದಲ್ಲಿ ಹಾಗಿರಲಿಲ್ಲ. ಅಲ್ಲಿ ಗುಂಡು ಹಾರಿಸಿದವರು ಮೈಸೂರು ಪೊಲೀಸರು, ಸತ್ತವರು ಮೈಸೂರಿನ ಪ್ರಜೆಗಳು. ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಕೆರೆ, ಕಾಲುವೆ, ವಿದ್ಯುಚ್ಛಕ್ತಿ, ವಿಶ್ವವಿದ್ಯಾನಿಲಯ, ಕೈಗಾರಿಕೆಗಳ ದೆಸೆಯಿಂದ ‘ಮಾದರಿ ಸಂಸ್ಥಾನ’ ಎಂದು ಇಡೀ ದೇಶವೇ ಹೊಗಳುತ್ತಿದ್ದ ಆಡಳಿತ ಅದು. ಗಾಂಧೀಜಿಯವರೇ ಮೈಸೂರನ್ನು ರಾಮರಾಜ್ಯಕ್ಕೆ ಹೋಲಿಸಿದರೆಂಬ ಮಾತು ಇಂದಿಗೂ ಜನಜನಿತವಾಗಿದೆ.

ಹಳೆಯ ಮೈಸೂರಿನ ಮನೆಗಳಲ್ಲಿ ನಾಲ್ವಡಿಯವರ ಭಾವಚಿತ್ರಕ್ಕೆ ಇಂದಿಗೂ ಗೌರವವಿದೆ, ಅದು ಸಕಾರಣವೂ ಆಗಿದೆ. ಆ ಗೌರವ ಮತ್ತು ವಿದುರಾಶ್ವತ್ಥ, ಎರಡನ್ನೂ ಒಂದೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಸುಲಭವಲ್ಲ. ‘ಜಲಿಯನ್‌ವಾಲಾ ಬಾಗ್’ ಎಂಬ ಬಿರುದು ಆ ಕಷ್ಟದಿಂದ ಪಾರಾಗುವ ಒಂದು ದಾರಿ. ಆ ಹೆಸರು ಕಿವಿಗೆ ಬಿದ್ದೊಡನೆ ಕೇಳುಗನ ಕಣ್ಣಿನ ಮುಂದೆ ಆಂಗ್ಲರ ಟೋಪಿ ನಿಲ್ಲುತ್ತದೆ. ಮೈಸೂರು ಪೊಲೀಸರ ಪೇಟ ಮರೆಯಾಗುತ್ತದೆ. ಒಳ್ಳೆಯ ಆಡಳಿತವೂ ತನ್ನ ಪ್ರಜೆಗಳ ಮೇಲೆ ಗುಂಡು ಹಾರಿಸಬಲ್ಲದು ಎಂಬುದು ಈ ಘಟನೆಯ ಅತ್ಯಂತ ಅಹಿತಕರವಾದ, ಆ ಕಾರಣಕ್ಕೇ ಅತ್ಯಂತ ಉಪಯುಕ್ತವಾದ ಸಂಗತಿ. ಬಿರುದು ಅದನ್ನೇ ನುಂಗಿಬಿಟ್ಟಿದೆ.

ಇನ್ನೂ ಒಂದು ವ್ಯತ್ಯಾಸವುಂಟು. ಡಯರನ ಹೆಸರು ಶಾಲೆಯ ಹುಡುಗನಿಗೂ ಗೊತ್ತು. ಹಂಟರ್ ಸಮಿತಿಯ ಮುಂದೆ ಅವನು ತನ್ನ ಕೃತ್ಯವನ್ನು ತಾನೇ ವಿವರಿಸಿದನು; 1920ರಲ್ಲಿ ಅಧಿಕಾರ ಕಳೆದುಕೊಂಡನು. ವಿದುರಾಶ್ವತ್ಥದಲ್ಲಿ ಆಜ್ಞೆ ಕೊಟ್ಟವರು ಯಾರು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಅತಿ ವಿರಳ. ‘ಗೋಲಿಬಾರ್ ನಡೆಯಿತು’ ಎಂಬ ವಾಕ್ಯವೂ ಈ ಮರೆವಿಗೆ ಸಹಕಾರಿಯಾಗಿದೆ. ಕನ್ನಡದಲ್ಲಿ ಜಾತ್ರೆ ನಡೆಯುತ್ತದೆ, ಸಂತೆ ನಡೆಯುತ್ತದೆ, ಮದುವೆ ನಡೆಯುತ್ತದೆ; ಅದೇ ಕ್ರಿಯಾಪದವನ್ನು ಗೋಲಿಬಾರಿಗೂ ಜೋಡಿಸಿ ಪತ್ರಿಕೆಗಳು ಎಷ್ಟೋ ದಶಕಗಳಿಂದ ಬರೆಯುತ್ತಿವೆ. ಮಾಡಿದವನಿಲ್ಲದೆ ಕೆಲಸವಾಗುವ ಈ ವ್ಯಾಕರಣವು ಮಳೆಗೆ, ಬೆಳಗಿಗೆ ಒಪ್ಪುತ್ತದೆ. ಬಂದೂಕಿನ ಕುದುರೆಯನ್ನು ಎಳೆಯಲು ಒಂದು ಬೆರಳು ಬೇಕು. ಎಳೆ ಎಂದು ಹೇಳಲು ಒಂದು ಬಾಯಿ ಬೇಕು. ಕರ್ತೃವನ್ನು ಕಳೆದುಕೊಂಡ ವಾಕ್ಯದಲ್ಲಿ ಕರ್ಮ ಮಾತ್ರ ಉಳಿಯುತ್ತದೆ. ಇದರ ಬಗೆಗೆ ವಿದುರಾಶ್ವತ್ಥವನ್ನು ಕುರಿತು ಬರೆದವರನ್ನಷ್ಟೇ ದೂರುವುದು ತಕ್ಕದ್ದಲ್ಲ. ಸರ್ಕಾರಿ ಪ್ರಕಟಣೆಗಳ ಭಾಷೆ ಮೊದಲಿನಿಂದಲೂ ಹೀಗೆಯೇ ಇದ್ದು, ಹೋರಾಟಗಾರರ ಲೇಖನಿ ಅದನ್ನು ಅರಿಯದೆ ಎರವಲು ಪಡೆಯಿತು.

ಗುಂಡಿನ ತರುವಾಯ ಏನಾಯಿತೆಂಬುದನ್ನು ಇತಿಹಾಸ ಗ್ರಂಥಗಳು ಸಮಾಧಾನದಿಂದ ಹೇಳುತ್ತವೆ. ಸುದ್ದಿ ದೇಶದಲ್ಲೆಲ್ಲ ಹರಡಿತು. ಗಾಂಧೀಜಿಯವರು ಹೇಳಿಕೆಯನ್ನು ಹೊರಡಿಸಿದರು. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. 1938ರ ಮೇ ತಿಂಗಳಿನಲ್ಲಿ, ಎಂದರೆ ಗುಂಡು ಹಾರಿದ ಕೆಲವೇ ವಾರಗಳೊಳಗೆ, ಮಿರ್ಜಾ-ಪಟೇಲ್ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ, ಬಂಧಿತರ ಬಿಡುಗಡೆ, ರಾಜಕೀಯ ಸುಧಾರಣೆಗಳ ಸಮಿತಿಯಲ್ಲಿ ಕಾಂಗ್ರೆಸ್ಸಿಗರಿಗೆ ಸ್ಥಾನ: ಒಪ್ಪಂದದ ಮುಖ್ಯಾಂಶಗಳೆಂದು ಎಣಿಸಲ್ಪಡುವುವು ಇವು. ಗುಂಡು ಹಾರಿಸಿದ್ದನ್ನು ಕುರಿತು ವಿಚಾರಣೆ ಮಾಡಲು ಸರ್ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು.

ರಾಜಕೀಯ ದೃಷ್ಟಿಯಿಂದ ಇದು ಜಯವೇ ಸರಿ, ಅದನ್ನು ಹೀಗಳೆಯುವುದು ಅವಿವೇಕ. ಆದರೆ ಆ ಮುಖ್ಯಾಂಶಗಳನ್ನು ಮತ್ತೊಮ್ಮೆ ಓದಬೇಕು. ಅವುಗಳಲ್ಲಿ ಧ್ವಜವಿದೆ, ಪಕ್ಷವಿದೆ, ಸಮಿತಿಯಿದೆ. ಬಂದೂಕು ಇಲ್ಲ, ಊರೂ ಇಲ್ಲ. ಯಾವ ವಸ್ತುವಿಗಾಗಿ ಜನ ಅಲ್ಲಿ ನೆರೆದಿದ್ದರೋ ಆ ವಸ್ತು ಕೆಲವೇ ವಾರಗಳಲ್ಲಿ ಕಾನೂನುಬದ್ಧವಾಯಿತು. ಹಾಗಾದರೆ ಏಪ್ರಿಲ್ 25ರಂದು ಅದನ್ನು ತಡೆಯುವುದಕ್ಕೆ ಪ್ರಾಣಗಳನ್ನು ತೆಗೆಯುವಷ್ಟು ಅವಶ್ಯಕತೆ ಏನಿತ್ತು? ಮೇ ತಿಂಗಳಿನ ಸಹಿಯೇ ಏಪ್ರಿಲ್ ತಿಂಗಳಿನ ಗುಂಡಿನ ಮೇಲಿನ ಅತ್ಯಂತ ಕಠಿಣವಾದ ತೀರ್ಪು. ಒಪ್ಪಂದವನ್ನು ಕೊಂಡಾಡುವ ಬರಹಗಳು ಈ ತೀರ್ಪನ್ನು ಗಮನಿಸದೆ ಮುಂದೆ ಸಾಗುತ್ತವೆ. ಅವುಗಳ ದೃಷ್ಟಿಯಲ್ಲಿ ಸತ್ತವರು ಒಪ್ಪಂದಕ್ಕೆ ಸಂದ ಬೆಲೆ.

ಬೆಲೆಯ ಮಾತು ಬಂದ ಮೇಲೆ ಲೆಕ್ಕವನ್ನೂ ನೋಡದೆ ವಿಧಿಯಿಲ್ಲ. ಸತ್ತವರ ಸಂಖ್ಯೆ ಸರ್ಕಾರದ ಪ್ರಕಾರ ಹತ್ತರ ಆಸುಪಾಸು. ಹೋರಾಟಗಾರರ ಪ್ರಕಾರ 32. ಕೆಲವು ಬರಹಗಳಲ್ಲಿ 33, ಮತ್ತೆ ಕೆಲವದರಲ್ಲಿ 35. ಸಾಮಾನ್ಯ ಜವಳಿ ಅಂಗಡಿಯ ಗುಮಾಸ್ತನೂ ಎರಡು ಮೊತ್ತಗಳು ತಾಳೆಯಾಗದ ಖಾತೆಗೆ ಗೆರೆ ಎಳೆದು ಮುಗಿಸುವುದಿಲ್ಲ. ರಾತ್ರಿ ದೀಪದ ಮುಂದೆ ಕುಳಿತು ವ್ಯತ್ಯಾಸ ಎಲ್ಲಿ ಹುಟ್ಟಿತೆಂದು ಹುಡುಕುತ್ತಾನೆ. ಇಲ್ಲಿ ವ್ಯತ್ಯಾಸ ಕಾಸಿನದಲ್ಲ. ಇಪ್ಪತ್ತಕ್ಕೂ ಮೇಲ್ಪಟ್ಟ ಮನುಷ್ಯರದು. ಭಾಷಣಕಾರನಿಗೆ ದೊಡ್ಡ ಸಂಖ್ಯೆ ಪ್ರಿಯ, ಕಚೇರಿಗೆ ಸಣ್ಣ ಸಂಖ್ಯೆ ಪ್ರಿಯ. ಸತ್ತವನ ಮನೆಗೆ ಎರಡೂ ಒಂದೇ. ಅಲ್ಲಿನ ಸಂಖ್ಯೆ ಒಂದು.

ಆ ಮನೆಯನ್ನು ಕಲ್ಪಿಸಿಕೊಳ್ಳಲು ದೂರ ಹೋಗಬೇಕಾಗಿಲ್ಲ. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಒಂದು ಊರನ್ನೂ ಅದರ ಸುತ್ತಣ ಹಳ್ಳಿಗಳನ್ನೂ ಓದುಗರು ಮನಸ್ಸಿಗೆ ತಂದುಕೊಳ್ಳಲಿ. ಅಂಥ ಕಡೆ ಒಂದೇ ಮಧ್ಯಾಹ್ನ ಹತ್ತು ಮಂದಿ ಸತ್ತರೂ, ಮೂವತ್ತು ಮಂದಿ ಸತ್ತರೂ, ಪರಿಚಯವಿಲ್ಲದ ಸಾವೆಂಬುದು ಒಂದೂ ಇರುವುದಿಲ್ಲ. ಮುಂದಿನ ಸಂತೆಯಲ್ಲಿ ಕೆಲವು ಗಾಡಿಗಳು ಬರುವುದಿಲ್ಲ. ಅಂಗಡಿಯ ಉದ್ದರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಏನು ಬರೆಯಬೇಕೆಂದು ತೋಚುವುದಿಲ್ಲ. ಮುಂಗಾರು ಹತ್ತಿರ ಬಂದಿರುತ್ತದೆ. ಉಳುವ ಕೈ ಇರುವುದಿಲ್ಲ. ಪೌತಿ ಖಾತೆ ಮಾಡಿಸಲು ವಿಧವೆಯೊಬ್ಬಳು ಕಚೇರಿಗೆ ಅಲೆಯಬೇಕಾಗುತ್ತದೆ. ಗುಂಡು ಹಾರಿಸಿದ ಸರ್ಕಾರದ್ದೇ ಆ ಕಚೇರಿಯೂ. ಗಾಯಗೊಂಡು ಬದುಕಿದವನು ವಿಚಾರಣೆಗೆ ಹೆದರಿ ಗಾಯವನ್ನು ಮುಚ್ಚಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ. ಗುಂಡಿನ ಹೊಗೆ ಆರಿದ ತರುವಾಯದ ಈ ನಿಧಾನವಾದ ಭಾಗವನ್ನು ಕುರಿತು ಕನ್ನಡದ ಸ್ಮರಣೆ ಬಹುತೇಕ ಮೌನವಾಗಿದೆ. ಹೊರಗಿನಿಂದ ನಾಯಕರು ಬಂದದ್ದು ದಾಖಲಾಗಿದೆ. ಗೌರಿಬಿದನೂರಿನ ಹಳ್ಳಿಗಳಲ್ಲಿ ಆ ವರ್ಷದ ರಾಗಿಯನ್ನು ಯಾರು ಕೊಯ್ದರೆಂಬುದು ದಾಖಲಾಗಲಿಲ್ಲ.

ಈಗ ‘ಬಲಿದಾನ’ ಎಂಬ ಮಾತಿಗೆ ಬರಬಹುದು. ವಿಮರ್ಶೆಗೆ ಹೆಚ್ಚು ಅವಕಾಶವಿರುವುದು ಇಲ್ಲಿಯೇ.

ಬೇಲೂರು, ಹಳೇಬೀಡಿನ ಸೀಮೆಯವರಿಗೆ ಸಾವನ್ನು ಕಲ್ಲಿನಲ್ಲಿ ಬರೆಯುವ ರೂಢಿ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ಸ್ತಂಭವಿದೆ. ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ, ಅವನೊಡನೆ ಬಾಳಿ ಅವನೊಡನೆಯೇ ಅಳಿಯುವೆನೆಂದು ಮೊದಲೇ ಮಾತು ಕೊಟ್ಟಿದ್ದ ದಂಡನಾಯಕ ಲಕ್ಷ್ಮನು, ಮಡದಿ ಸುಗ್ಗಲದೇವಿಯೊಡನೆಯೂ ತನ್ನ ಪಡೆಯ ಗರುಡರೊಡನೆಯೂ ಪ್ರಾಣವನ್ನು ಬಿಟ್ಟನು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರು ಆ ಕಂಬದ ಮೇಲೆ ಕಾಣುತ್ತಾರೆ. ಅಹಿಂಸೆಯನ್ನು ಪರಮಧರ್ಮವೆಂದು ತಿಳಿದವರಿಗೆ ಆ ಶಿಲ್ಪ ಒಪ್ಪುವಂಥದಲ್ಲ. ಆದರೂ ಅದು ಸುಳ್ಳು ಹೇಳುವುದಿಲ್ಲ. ಲಕ್ಷ್ಮನ ಸಾವು ಲಕ್ಷ್ಮನದೇ ನಿರ್ಧಾರ. ಹೊಲದ ಬದುವಿನಲ್ಲಿ, ಊರ ಬಾಗಿಲಲ್ಲಿ ನಿಂತಿರುವ ವೀರಗಲ್ಲುಗಳೂ ಹೀಗೆಯೇ. ತುರುಗಳನ್ನು ಬಿಡಿಸಲು ಹೋದವನು ಕೈಯಲ್ಲಿ ಆಯುಧ ಹಿಡಿದು, ತಿಳಿದೇ ಹೋದವನು. ಇನ್ನು ನಿಸಿದಿಗಳು ಬೇರೆಯೇ ಬಗೆ. ಶಾಂತಲೆಯ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳದಲ್ಲಿ ಸಲ್ಲೇಖನವನ್ನು ಕೈಕೊಂಡು ಮುಡಿಪಿದುದನ್ನು ಶಾಸನ ಹೇಳುತ್ತದೆ. ಅಲ್ಲಿ ಆಯುಧವಿಲ್ಲ, ವೈರಿಯಿಲ್ಲ, ಆತುರವೂ ಇಲ್ಲ; ಗುರುವಿನ ಸಾನ್ನಿಧ್ಯದಲ್ಲಿ, ಪೂರ್ಣ ಎಚ್ಚರದಲ್ಲಿ ಸ್ವೀಕರಿಸಿದ ವ್ರತವಿದೆ.

ಈ ಮೂರು ಬಗೆಯ ಕಲ್ಲುಗಳಿಗೂ ಸಮಾನವಾದ ಲಕ್ಷಣ ಒಂದೇ: ಸತ್ತವರ ಸಂಕಲ್ಪ. ಕಲ್ಲು ಹೊಗಳುವುದು ಆ ಸಂಕಲ್ಪವನ್ನು. ವಿದುರಾಶ್ವತ್ಥದಲ್ಲಿ ಸತ್ತವರಿಗೆ ಅಂಥ ಸಂಕಲ್ಪವಿತ್ತೆ? ಸತ್ಯಾಗ್ರಹಿಗಳಿಗೆ ಒಂದು ಸಂಕಲ್ಪ ಖಂಡಿತವಾಗಿ ಇತ್ತು. ಅದು ಧ್ವಜವನ್ನು ಹಾರಿಸುವ ಸಂಕಲ್ಪ. ಲಾಠಿಯನ್ನೂ ಸೆರೆಮನೆಯನ್ನೂ ಸಹಿಸುವ ಸಂಕಲ್ಪ. ಆ ಧೈರ್ಯಕ್ಕೆ ಸಲ್ಲಬೇಕಾದ ಮಾನವನ್ನು ಯಾವ ವಿಮರ್ಶೆಯೂ ಕಡಿಮೆ ಮಾಡಲಾಗದು. ಆದರೆ ಲಾಠಿಯನ್ನು ಎದುರಿಸಲು ಬಂದವನು ಸಾಯಲು ಬಂದವನಲ್ಲ. ಯಾತ್ರಾಸ್ಥಳದಲ್ಲಿ ಸಾವಿರಾರು ಜನ ಕಲೆತಾಗ ಅವರಲ್ಲಿ ಎಲ್ಲರೂ ಸತ್ಯಾಗ್ರಹಿಗಳೇ ಆಗಿರುವುದೂ ಇಲ್ಲ. ನೋಡಲು ಬಂದವರು, ಜೊತೆಗೆ ಬಂದವರು, ದಾರಿಯಲ್ಲಿ ನಿಂತವರು ಎಲ್ಲರೂ ಇರುತ್ತಾರೆ. ಇವರೆಲ್ಲರನ್ನೂ ಕೂಡಿಸಿ ‘ಪ್ರಾಣವನ್ನು ಬಲಿದಾನ ಮಾಡಿದರು’ ಎಂದರೆ, ಕಿತ್ತುಕೊಂಡದ್ದನ್ನು ಕೊಟ್ಟದ್ದೆಂದು ಬರೆದಂತಾಗುತ್ತದೆ. ದಾನವೆಂಬುದಕ್ಕೆ ದಾತೃವಿನ ಇಚ್ಛೆ ಬೇಕು. ಜೇಬು ಕತ್ತರಿಸಲ್ಪಟ್ಟವನ ಹೆಸರನ್ನು ದಾನಿಗಳ ಪಟ್ಟಿಗೆ ಸೇರಿಸುವ ಧರ್ಮದರ್ಶಿ ಎಲ್ಲಿಯೂ ಇಲ್ಲ. ಪ್ರಾಣದ ವಿಷಯದಲ್ಲಿ ಮಾತ್ರ ಈ ಲೆಕ್ಕ ಹೇಗೋ ನಡೆದುಹೋಗುತ್ತದೆ.

ಇದರ ಫಲ ಭಾಷೆಯಲ್ಲಿ ಮಾತ್ರ ಉಳಿಯುವುದಿಲ್ಲ. ಸತ್ತವರು ಪ್ರಾಣವನ್ನು ಕೊಟ್ಟರು ಎಂದ ಕ್ಷಣದಲ್ಲಿ ತೆಗೆದುಕೊಂಡವರ ಹೊಣೆ ಹಗುರವಾಗುತ್ತದೆ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ಲಕ್ಷಿಸುವಾಗ ದೃಷ್ಟಿಯನ್ನು ಇಡುವುದು ಪ್ರಾಣ ಕಳೆಯುವವನ ಪ್ರಮಾದದ ಮೇಲೆ, ಅವನ ಮನೋವಾಕ್ಕಾಯಗಳ ಪ್ರವೃತ್ತಿಯ ಮೇಲೆ. ಪ್ರಾಣ ಕಳೆದುಕೊಂಡವನ ಗುಣಗಾನದಿಂದ ಹಿಂಸೆಯ ವಿಚಾರ ಮುಗಿಯುವುದಿಲ್ಲ. ಅಲ್ಲಿಂದ ಆರಂಭವಾಗುವುದೂ ಇಲ್ಲ. ಭಯ, ಕೋಪ, ಮಾನ ಇವುಗಳಲ್ಲಿ ಯಾವುದರಿಂದ ಆ ದಿನ ಆಜ್ಞೆ ಹೊರಟಿತು? ಜನಸಮೂಹವನ್ನು ಕಂಡ ಭಯವೆ? ಅಧಿಕಾರಕ್ಕೆ ಅವಮಾನವಾಯಿತೆಂಬ ಮಾನಕಷಾಯವೆ? ಗುಂಡು ಹಾರಿಸಿ ಮನೆಗೆ ಮರಳಿದ ಪೊಲೀಸ್ ಪೇದೆಗೂ ಒಂದು ಮನಸ್ಸಿತ್ತು. ಅವನೂ ಯಾವುದೋ ಹಳ್ಳಿಯ ಮಗ, ಬಹುಶಃ ಅದೇ ಅಶ್ವತ್ಥಕ್ಕೆ ಕೈಮುಗಿದವನು. ಅವನು ಆ ರಾತ್ರಿ ಉಂಡನೆ ಎಂಬ ಪ್ರಶ್ನೆಯನ್ನು ಬಲಿದಾನದ ಸಾಹಿತ್ಯ ಕೇಳುವುದಿಲ್ಲ, ಕೇಳಲೂ ಬಾರದು.

ಕೇಳಬಲ್ಲ ಸಾಹಿತ್ಯ ಕನ್ನಡದಲ್ಲಿ ಇಲ್ಲವೆಂದಲ್ಲ. ದೋರಸಮುದ್ರದ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ಮುಗಿಸಿದ ಯಶೋಧರಚರಿತೆಯ ಮೊದಲಿನಲ್ಲೇ ಬಲಿಯ ಸಿದ್ಧತೆಯಿದೆ. ಚಂಡಮಾರಿಯ ಗುಡಿಗೆ ಅಭಯರುಚಿ, ಅಭಯಮತಿಯರನ್ನು ಹಿಡಿದು ತಂದಿದ್ದಾರೆ. ಮಾರಿದತ್ತನ ಕೈಯಲ್ಲಿ ಕತ್ತಿಯಿದೆ. ಸಾಮಾನ್ಯ ಕವಿಯಾಗಿದ್ದರೆ ಆ ಎಳೆಯರನ್ನು ಅಲ್ಲಿಯೇ ಕೊಲ್ಲಿಸಿ ಅವರ ಮೇಲೆ ಹೂಮಳೆ ಕರೆಯಿಸುತ್ತಿದ್ದನು. ಜನ್ನನು ಅವರಿಂದ ಕಥೆ ಹೇಳಿಸುತ್ತಾನೆ. ಕತ್ತಿ ಹಿಡಿದವನು ಕೇಳುವಂತೆ ಮಾಡುತ್ತಾನೆ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಮಾತ್ರದಿಂದ ಯಶೋಧರನೂ ಅವನ ತಾಯಿಯೂ ಭವಭವಗಳಲ್ಲಿ ತೊಳಲಿದ ವೃತ್ತಾಂತವನ್ನು ಕೇಳಿ ಮಾರಿದತ್ತನು ಕೊಲೆಯಿಂದ ಹಿಂದೆ ಸರಿಯುತ್ತಾನೆ. ಇಡೀ ಕಾವ್ಯದ ಮುಖ ಬಲಿ ಕೊಡುವವನ ಕಡೆಗೆ ತಿರುಗಿದೆ. ಹೊಯ್ಸಳರ ರಾಜಧಾನಿಯಲ್ಲಿ, ಸ್ವಾಮಿಗಾಗಿ ತಲೆ ಕೊಡುವ ಗರುಡರ ಪದ್ಧತಿ ಮೆರೆಯುತ್ತಿದ್ದ ಕಾಲದಲ್ಲಿ, ಹೀಗೆ ಬರೆಯಲು ಸಾಧ್ಯವಾಯಿತು. ಇಪ್ಪತ್ತನೆಯ ಶತಮಾನದ ಸ್ಮಾರಕಗಳ ಭಾಷೆ ಜನ್ನನನ್ನು ಬಿಟ್ಟು ಗರುಡಗಂಬದ ಜಾಡನ್ನು ಹಿಡಿದದ್ದು ವಿಚಿತ್ರವೇ.

ಈಸೂರಿನ ವಿಷಯವನ್ನು ಇಲ್ಲಿ ಎತ್ತದಿದ್ದರೆ ವಿಚಾರ ಏಕಪಕ್ಷೀಯವಾಗುತ್ತದೆ. ಶಿಕಾರಿಪುರ ತಾಲ್ಲೂಕಿನ ಆ ಗ್ರಾಮವು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಸೆಪ್ಟೆಂಬರ್ ತಿಂಗಳಿನಲ್ಲಿ ಊರಿಗೆ ಬಂದ ಅಧಿಕಾರಿಗಳ ಜೊತೆಗಿನ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಜನರ ಕೈಯಲ್ಲಿ ಹತರಾದರು. ಬಳಿಕ ಸರ್ಕಾರದ ಪಡೆಗಳು ಊರನ್ನು ಹೊಕ್ಕವು; ಜನ ಮನೆ ಬಿಟ್ಟು ಓಡಿದರು; 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಆ ಐವರ ಹೆಸರುಗಳನ್ನು ನಾಡು ಇಂದಿಗೂ ನೆನೆಯುತ್ತದೆ. ಹತರಾದ ಇಬ್ಬರು ಅಧಿಕಾರಿಗಳೂ ಕನ್ನಡನಾಡಿನವರೇ, ಸಂಬಳಕ್ಕೆ ದುಡಿಯುತ್ತಿದ್ದವರೇ, ಮನೆಮಠ ಉಳ್ಳವರೇ. ಅವರ ಸಾವು ಕಥೆಯಲ್ಲಿ ಒಂದು ತಿರುವು ಮಾತ್ರವಾಗಿ ಉಳಿದಿದೆ. ವಿದುರಾಶ್ವತ್ಥದಲ್ಲಿ ಕೊಂದವರು ಕಾಣದಂತೆ ಬರೆಯುವ ಭಾಷೆಯೇ ಈಸೂರಿನಲ್ಲಿ ಕೊಲ್ಲಲ್ಪಟ್ಟ ಇಬ್ಬರು ಕಾಣದಂತೆಯೂ ಬರೆಯುತ್ತದೆ. ಪಕ್ಷ ಬದಲಾದರೂ ಅದರ ವ್ಯಾಕರಣ ಬದಲಾಗುವುದಿಲ್ಲ. ಸ್ವಾತಂತ್ರ್ಯದ ಗುರಿ ಉದಾತ್ತವಾದುದೆಂಬ ಕಾರಣಕ್ಕೆ ಒಂದು ಸಾವನ್ನು ದಾನವೆಂದೂ ಮತ್ತೊಂದನ್ನು ಅಡಚಣೆಯೆಂದೂ ಬರೆಯುವುದನ್ನು ಇತಿಹಾಸಕಾರ ಒಪ್ಪಿಕೊಂಡಾನು, ನೀತಿಯನ್ನು ಚಿಂತಿಸುವವನು ಒಪ್ಪಲಾರ.

ಕೊಂದವನ ಹೆಸರನ್ನು ಹೇಳದಿರುವುದೇ ಲೇಸೆಂಬ ವಾದವೂ ಲೋಕದಲ್ಲಿದೆ. ಅದನ್ನು ಪರಿಶೀಲಿಸದೆ ಬಿಡುವಂತಿಲ್ಲ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಒಬ್ಬ ದ್ವೇಷಿಯು 51 ಮಂದಿಯ ಸಾವಿಗೆ ಕಾರಣನಾದಾಗ, ಅಲ್ಲಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಅವನ ಹೆಸರನ್ನು ತಾವು ಎಂದಿಗೂ ಉಚ್ಚರಿಸುವುದಿಲ್ಲವೆಂದು ಸಾರಿದರು. ಅವನಿಗೆ ಬೇಕಾಗಿದ್ದ ಕೀರ್ತಿಯನ್ನು ಕೊಡಬಾರದೆಂಬುದು ಅವರ ವಿಚಾರ. ಆದರೆ ಆ ಮೌನದ ಜೊತೆಯಲ್ಲಿಯೇ ನ್ಯಾಯಾಲಯವಿತ್ತು. 2020ರಲ್ಲಿ ಶಿಕ್ಷೆ ವಿಧಿಸುವ ಮುನ್ನ ಬದುಕುಳಿದವರೂ ಸತ್ತವರ ಬಂಧುಗಳೂ ಅಪರಾಧಿಯ ಎದುರಿನಲ್ಲೇ ನಿಂತು ತಮ್ಮ ಮಾತನ್ನು ಹೇಳಿದರು. ಅಲ್ಲಿ ಹೊಣೆ ಮೊದಲು ನಿರ್ಧಾರವಾಯಿತು, ಹೆಸರು ಆಮೇಲೆ ಮರೆಗೆ ಸರಿಯಿತು. ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಸಣ್ಣ ಪಟ್ಟಣದ ಸಂಗತಿಯೂ ಗಮನಾರ್ಹ. 1996ರ ಮಾರ್ಚ್ 13ರಂದು ಶಾಲೆಯೊಂದರಲ್ಲಿ 16 ಎಳೆಯ ಮಕ್ಕಳೂ ಅವರ ಉಪಾಧ್ಯಾಯಿನಿಯೂ ಗುಂಡಿಗೆ ಸಿಕ್ಕಿ ಸತ್ತರು. ಕೊಂದವನು ತಾನೂ ಸತ್ತನು. ಶಿಕ್ಷಿಸಲು ಯಾರೂ ಉಳಿಯದಿದ್ದರೂ ಆ ದೇಶದಲ್ಲಿ ವಿಚಾರಣೆ ನಿಲ್ಲಲಿಲ್ಲ. ಲಾರ್ಡ್ ಕಲೆನ್ ಅವರ ಬಹಿರಂಗ ವಿಚಾರಣೆ, ಜನರ ಸಹಿ ಸಂಗ್ರಹ, ಕೊನೆಗೆ 1997ರಲ್ಲಿ ಖಾಸಗಿ ಕೈಪಿಸ್ತೂಲುಗಳ ನಿಷೇಧ. ಆ ಮಕ್ಕಳು ‘ಬಲಿದಾನ’ ಮಾಡಿದರೆಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ತಾಯಂದಿರು ಸಹಿಸುತ್ತಿರಲಿಲ್ಲ. ದುಃಖಕ್ಕೆ ಭವ್ಯವಾದ ಹೆಸರು ಸಿಗದಿದ್ದುದರಿಂದಲೇ ಅದು ಬಂದೂಕಿನ ಕಡೆಗೆ ತಿರುಗಿತೆಂದು ತೋರುತ್ತದೆ.

ಒಬ್ಬಂಟಿ ಹಂತಕನ ಕೃತ್ಯವನ್ನೂ ಸರ್ಕಾರದ ಪೊಲೀಸರ ಕೃತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇಲ್ಲಿನ ಉದ್ದೇಶವಲ್ಲ. ಎರಡರ ಸ್ವರೂಪ ಬೇರೆ. ಆದರೆ ಹೊಣೆಯ ಪ್ರಶ್ನೆ ಸರ್ಕಾರದ ವಿಷಯದಲ್ಲಿ ಹೆಚ್ಚಾಗಬೇಕೇ ಹೊರತು ಕಡಿಮೆಯಾಗಬಾರದು, ಏಕೆಂದರೆ ಆ ಬಂದೂಕಿನ ಖರ್ಚು ಪ್ರಜೆಗಳ ಕಂದಾಯದ ಹಣದಿಂದಲೇ ಸಂದಿರುತ್ತದೆ.

ವಿದುರಾಶ್ವತ್ಥದಲ್ಲಿ 1973ರಲ್ಲಿ ಸ್ಮಾರಕ ನಿಂತಿತು. ಮಡಿದವರ ಹೆಸರುಗಳನ್ನು ಅಲ್ಲಿ ಕಾಣಿಸಲಾಗಿದೆ. ಘಟನೆಗೂ ಸ್ಮಾರಕಕ್ಕೂ ನಡುವೆ 35 ವರ್ಷಗಳು. ಅನಂತರ ವೀರಸೌಧವೂ, ಸ್ವಾತಂತ್ರ್ಯ ಹೋರಾಟದ ಚಿತ್ರಗಳ ಪ್ರದರ್ಶನವೂ ಬಂದವು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದಾಗ ಗೌರಿಬಿದನೂರು ಅದಕ್ಕೆ ಸೇರಿತು. ಶಾಲಾ ಮಕ್ಕಳು ಪ್ರವಾಸದಲ್ಲಿ ಬರುತ್ತಾರೆ. ರಾಷ್ಟ್ರದ ಹೋರಾಟದ ವಿಸ್ತಾರವಾದ ಕಥೆಯನ್ನು ಅವರಿಗೆ ತೋರಿಸುವುದು ಒಳ್ಳೆಯದೇ. ಆದರೆ ಆ ಕಥೆಯನ್ನು ಬೆಂಗಳೂರಿನಲ್ಲಿಯೂ ತೋರಿಸಬಹುದು. ಆ ಮೈದಾನದಲ್ಲಿ ನಿಂತ ಮಗುವಿಗೆ ಅಲ್ಲಿ ಮಾತ್ರ ತಿಳಿಯಬಹುದಾದ ಸಂಗತಿಗಳಿವೆ: ಜನ ಎಲ್ಲಿ ನಿಂತಿದ್ದರು, ಪೊಲೀಸರು ಎಲ್ಲಿದ್ದರು, ನಡುವೆ ಎಷ್ಟು ಮಾರು ಅಂತರವಿತ್ತು, ಎಚ್ಚರಿಕೆ ಕೊಟ್ಟರೆ, ಕೊಟ್ಟಿದ್ದರೆ ಅದು ಕೇಳಿಸಿತೆ, ಗಾಯಾಳುಗಳನ್ನು ಯಾವ ಗಾಡಿಯಲ್ಲಿ ಯಾವ ಊರಿಗೆ ಒಯ್ದರು. ಹೆಸರುಗಳ ಪಟ್ಟಿಯ ಎದುರಿಗೆ ಊರು, ವಯಸ್ಸು, ಕಸುಬು, ಅಲ್ಲಿಗೆ ಬಂದ ಕಾರಣ ಇಷ್ಟನ್ನು ಬರೆದರೆ ‘ಹುತಾತ್ಮ’ ಎಂಬ ವಿಶೇಷಣ ಮಾಡಲಾರದ ಕೆಲಸವನ್ನು ಅದು ಮಾಡುತ್ತದೆ. ಕೆಳಗೆ ಮತ್ತೊಂದು ವಾಕ್ಯ ಬೇಕು: ಇವರನ್ನು ಮೈಸೂರು ಸರ್ಕಾರದ ಪೊಲೀಸರು ಕೊಂದರು. ಸಕರ್ಮಕವಾದ, ಕರ್ತೃಸಹಿತವಾದ, ಶಾಂತವಾದ ವಾಕ್ಯ. ಅದರಲ್ಲಿ ದ್ವೇಷವಿಲ್ಲ. ನಾಲ್ವಡಿಯವರ ಕೀರ್ತಿ ಅದರಿಂದ ಕುಸಿಯುವಷ್ಟು ದುರ್ಬಲವಾದದ್ದೂ ಅಲ್ಲ.

ವಿದುರನ ಅಶ್ವತ್ಥವೆಂದು ಪೂಜೆಗೊಳ್ಳುತ್ತಿದ್ದ ಆ ಪುರಾತನ ವೃಕ್ಷ 2001ರಲ್ಲಿ ಉರುಳಿತು. 1938ರ ಆ ಮಧ್ಯಾಹ್ನವನ್ನು ಕಂಡ ಮನುಷ್ಯರೂ ಬಹುಮಟ್ಟಿಗೆ ಉಳಿದಿಲ್ಲ. ಉಳಿದಿರುವುದು ಮೊಮ್ಮಕ್ಕಳ ಬಾಯಲ್ಲಿರುವ ಮಾತು, ಗೌರಿಬಿದನೂರಿನ ಸುತ್ತಿನ ತೆಲುಗು, ಕನ್ನಡ ಎರಡರಲ್ಲೂ ಇರುವ ಮಾತು. ಅದನ್ನು ಬರೆದುಕೊಳ್ಳಲು ಒಂದು ಬೇಸಗೆಯ ರಜೆ, ಕೆಲವು ಪದವಿ ವಿದ್ಯಾರ್ಥಿಗಳು, ಒಂದು ನೋಟ್ ಪುಸ್ತಕದ ಕಟ್ಟು ಸಾಕು. ರಾಮೇಶಂ ಸಮಿತಿಯ ವರದಿಯನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ, ಅದು ಹೇಳುವುದು ಹಿತವಾಗಿರಲಿ ಅಹಿತವಾಗಿರಲಿ, ವೀರಸೌಧದ ಮೇಜಿನ ಮೇಲೆ ಬಂದವರೆಲ್ಲರೂ ಓದುವಂತೆ ಇಡುವುದಕ್ಕೂ ದೊಡ್ಡ ವೆಚ್ಚವೇನೂ ತಗಲದು. ಶಾಸ್ತ್ರದಾನಕ್ಕೆಂದು ಹಣ ತೆಗೆದಿಡುವ ಮನೆಗಳು ಹಾಸನ ಜಿಲ್ಲೆಯಲ್ಲಿಯೇ ಎಷ್ಟೋ ಇವೆ. ಸಾವಿರ ಪ್ರತಿಗಳ ಮುದ್ರಣವನ್ನು ಅವುಗಳಲ್ಲಿ ಯಾವುದಾದರೂ ಒಂದು ವಹಿಸಿಕೊಳ್ಳಬಹುದು.